ಮುಳ್ಳುಪದವಿನ ನೀರು

ಸ್ಮರಣ ಸಂಚಿಕೆಗೆಂದು ಕೇಳಲು ಬಂದಿದ್ದೀರಿ, ಕೂತುಕೊಳ್ಳಿ.
ಆ ಕುರ್ಚಿಯ ಒಂದು ಕಾಲು ಗಿಡ್ಡ, ಗೋಡೆಗೆ ಒರಗಿಸಿ.
ಅಡಿಗಲ್ಲಿನ ಮೇಲಿರುವುದು ದುಡ್ಡು ಕಳಿಸಿದ ದೊರೆಸಾನಿಯ ಹೆಸರು,
ಅವಳು ಮುಳ್ಳುಪದವಿಗೆ ಕಾಲಿಟ್ಟವಳೇ ಅಲ್ಲ.
ಸೀಲಾಸ ಕುಂದರ್ ಅಯ್ಯನವರ ಹೆಸರು ಬೇಕಿದ್ದರೆ
ಸಭೆಯ ಹಳೇ ಖಾತೆಪುಸ್ತಕದಲ್ಲಿದೆ, ಗೆದ್ದಲು ಬಿಟ್ಟಿದ್ದರೆ:
'ಅಯ್ಯನವರಿಂದ ಬರತಕ್ಕ ಬಾಕಿ, ಹದಿನೇಳು ರೂಪಾಯಿ ಆರಾಣೆ.'

ಶುರುವಾದದ್ದು ಬಟ್ಟಲಿನಿಂದ.
ಕರ್ತನ ಭೋಜನದ ಆದಿತ್ಯವಾರ, ನನಗಾಗ ಹನ್ನೊಂದು.
ಹಂಚಿನ ಕಾರ್ಖಾನೆಯ ಮಂದಿ ಸಾಲಾಗಿ ಮೊಣಕಾಲೂರಿದ್ದರು,
ಒಂದೇ ಬೆಳ್ಳಿಬಟ್ಟಲು, ತುಟಿಯಿಂದ ತುಟಿಗೆ.
ನನ್ನಪ್ಪ ಕೆಮ್ಮಿದ.
ಅಂಚಿನಲ್ಲೊಂದು ಕೆಂಪು ಎಳೆ, ದ್ರಾಕ್ಷಾರಸದ್ದಲ್ಲ.
ಅಯ್ಯನವರು ಬಟ್ಟಲನ್ನು ಮುಂದಿನವರಿಗೆ ಕೊಡಲಿಲ್ಲ.
ಎಷ್ಟು ಹೊತ್ತು ನಿಂತರೋ. ಹೊರಗೆ ಕಾಗೆ ಕೂಗುತ್ತಿತ್ತು.
ಆಮೇಲೆ ತಾವೇ ಕುಡಿದು, ಬರಿದು ಮಾಡಿ,
ಮೇಜಿನ ಮೇಲೆ ಬೋರಲು ಹಾಕಿದರು.

ಹಿರಿಯರು ಆರು ತಿಂಗಳು ಸಂಬಳ ತಡೆದರು.
'ಪವಿತ್ರ ಬಟ್ಟಲಿಗೂ ರೋಗ ತಾಗುತ್ತದೆಯೇ?'
'ಬಟ್ಟಲಿಗಲ್ಲ, ತುಟಿಗೆ' ಎಂದರಂತೆ.
ಅಪ್ಪ ಆ ಮಳೆಗಾಲ ದಾಟಲಿಲ್ಲ.

ಮುಳ್ಳುಪದವು ಯಾರಿಗೂ ಬೇಡದ ಪಾರೆ. ಗಾಳಿಯುಂಟು, ನೀರಿಲ್ಲ.
ಬರೆದುಕೊಟ್ಟದ್ದು ಉಪ್ಪಳದ ಮರದ ವ್ಯಾಪಾರಿ ಮಮ್ಮುಂಞಿ ಬ್ಯಾರಿ,
ತನ್ನ ತಂಗಿಯೂ ಇದೇ ಕೆಮ್ಮಿನಲ್ಲಿ ಹೋದವಳೆಂದು.
ನೀರಿಲ್ಲದ ಕಡೆ ಆಸ್ಪತ್ರೆಯೇ ಎಂದು ಡಾಕ್ಟರು ಕಾಗದ ಬರೆದರು.
ಅಯ್ಯನವರು ಬಟ್ಯನನ್ನು ಕರೆಸಿದರು, ಸುರಂಗ ಕೊರೆಯುವವನನ್ನು.

ಗುಡ್ಡದ ಬದಿಗೆ ಆಳು ಬಗ್ಗಿ ಹೋಗುವಷ್ಟು ತೂತು.
ಬಟ್ಯ ಒಳಗೆ, ಪಿಕ್ಕಾಸು ಒಳಗೆ,
ಮುರಕಲ್ಲಿನ ಪುಡಿ ಬುಟ್ಟಿ ಬುಟ್ಟಿ ಹೊರಗೆ.
ಬೆಳಕಿಗೆ ಮೇಣದಬತ್ತಿ. ಅದು ನಂದಿದರೆ ಉಸಿರಿಲ್ಲವೆಂದು ಅರ್ಥ,
ತೆವಳಿಕೊಂಡು ಹಿಂದೆ ಬರಬೇಕು.
ಕ್ರಿಸ್ಮಸ್ಸಿಗಿಟ್ಟ ಬತ್ತಿಗಳೆಲ್ಲ ಅಲ್ಲಿಗೇ ಹೋದವು.
ಆ ವರ್ಷ ನಾವು ಕತ್ತಲೆಯಲ್ಲೇ ಹಾಡಿದೆವು.

ಸುರಂಗದ ಬಾಯಲ್ಲಿ ಅಯ್ಯನವರು, ಕೊಡೆ ಹಿಡಿದು, ಸಿಡುಕುತ್ತ,
ಬುಟ್ಟಿಗಿಷ್ಟೆಂದು ಲೆಕ್ಕ ಬರೆಯುತ್ತ. ಸಂತರೆಂದು ಬರೆಯಬೇಡಿ.
ಬಟ್ಯನ ಕೂಲಿಯಲ್ಲಿ ಎರಡಾಣೆಗೆ ಚೌಕಾಸಿ ಮಾಡಿದ್ದನ್ನು
ನಾನೇ ಕಂಡಿದ್ದೇನೆ.
ಎಂಬತ್ತು ಕೋಲು ಕೊರೆದ ಮೇಲೆ ಒಂದು ಸಂಜೆ
ಒಳಗಿನ ಬೆಳಕು ಹೋಯಿತು. ಬಟ್ಯ ಬರಲಿಲ್ಲ.
ಕೊಡೆ ಬಿಸಾಡಿ ತೆವಳಿದರು ಅಯ್ಯನವರು, ನಿಲುವಂಗಿಯಲ್ಲೇ,
ಕಾಲು ಹಿಡಿದು ಎಳೆದು ತಂದರು.
ಇಬ್ಬರೂ ಅಂಗಾತ ಬಿದ್ದು ಬಾಯಿ ತೆರೆದು ಗಾಳಿ ಕುಡಿದರು,
ದೋಣಿಯಿಂದ ಸುರಿದ ಬೂತಾಯಿಗಳಂತೆ.
ಬಟ್ಯನ ಅಂಗೈ ಒದ್ದೆ.
'ಬೆವರಲ್ಲ ಅಯ್ಯಾ' ಎಂದ.

ಆ ನೀರಿನಲ್ಲಿ ನಾನು ಮೂವತ್ತೊಂದು ವರ್ಷ
ಕಫದ ಬಟ್ಟಲು ತೊಳೆದೆ. ಒಬ್ಬೊಬ್ಬರಿಗೆ ಒಂದೊಂದು,
ಬುಡದಲ್ಲಿ ನಂಬರು, ಮೇಲೆ ಮುಚ್ಚಳ. ಅಯ್ಯನವರ ಕಟ್ಟಪ್ಪಣೆ.
ಇಪ್ಪತ್ತಮೂರನೆಯದು ಕೊನೆಗೆ ಅವರದೇ ಆಯಿತು.
ಬೆಳ್ಳಿಬಟ್ಟಲಿನಿಂದಲೋ, ಮತ್ತೆಲ್ಲಿಂದಲೋ,
ಕೇಳುವ ಧೈರ್ಯ ನನಗಿರಲಿಲ್ಲ.
ಬರಿಗೈಯಲ್ಲಿ ತೊಳೆಯುವುದನ್ನು ನೋಡಿ ಮಂಚದಿಂದಲೇ ಬೈದರು.

ಆ ಹದಿನೇಳು ರೂಪಾಯಿ ಆರಾಣೆಯೇ?
ಮೇಣದಬತ್ತಿಯದು. ಸಭೆ ಇವತ್ತಿಗೂ ಹೊಡೆದುಹಾಕಿಲ್ಲ.

ಬಿಸಿಲಲ್ಲಿ ಬಂದಿರಿ. ನೀರು ಕುಡಿಯುತ್ತೀರಾ?
ನಿಮಗೆ ಲೋಟ ಬೇರೆಯೇ ಇದೆ.