ಖೋ ಕೊಡುವ ಜಾಗ

ಶ್ರೀನಿವಾಸಪುರದ ಕಾಲೇಜು, ಸ್ಟಾಫ್ ರೂಮಿನ ಮೇಜು,
ಅದರ ಮೇಲೆ ಮೂರು ಜೆರ್ಸಿ. ಮೂರೂ ಸ್ಯಾಂಪಲ್ಲು.
ಒಂದು ಚಿನ್ನದ ಸಾಲದ ಕಂಪನಿಯದು, ಎದೆಗೆ ಹಳದಿ ನಾಣ್ಯ.
ಒಂದು ಪೊಲೀಸ್ ಪರೀಕ್ಷೆ ಕೋಚಿಂಗಿನದು,
ಫೋನ್ ನಂಬರು ಹತ್ತೂ ಅಂಕಿ, ಕೆಳಗೆ ‘ಪ್ರವೇಶ ಆರಂಭ’.
ಇನ್ನೊಂದು ಗಂಗುಲಪ್ಪನವರ ಮಾವಿನ ಮಂಡಿಯದು.
ಬಣ್ಣ ಮಾಗಿದ ಮಲ್ಲಿಕಾ. ಮೂಸಿದರೆ ಸೀಮೆಎಣ್ಣೆ.

ಪ್ರಿನ್ಸಿಪಾಲರಿಗೆ ಮೊತ್ತ ಬೇಕು,
ಕಾಮರ್ಸ್ ಮೇಷ್ಟ್ರಿಗೆ ರಸೀದಿ.
ನಾನು ಚೆಂಬಿನಲ್ಲಿ ನೀರು ತಂದು
ಒಂದೊಂದರ ಮೇಲೂ ಹೊಯ್ದೆ,
ಒದ್ದೆ ಬಟ್ಟೆಯೊಳಗೆ ಕೈ ತೂರಿಸಿ
ಕಿಟಕಿಯ ಬಿಸಿಲಿಗೆ ಹಿಡಿದೆ.
ಚಿನ್ನದ ಕಂಪನಿಯದರಲ್ಲಿ ಐದು ಬೆರಳೂ ಎಣಿಸಬಹುದಿತ್ತು,
ಉಂಗುರದ ಹರಳೂ.
‘ಇದೇನು ಮೇಡಂ, ಇಲ್ಲೇ ಒಗೆಯೋದಾ?’
‘ಹುಡುಗೀರು ಬೆವರ್ತಾರೆ ಸಾರ್.’
ಮೇಷ್ಟ್ರು ರಸೀದಿ ಪುಸ್ತಕದೊಳಗೆ ಮುಖ ಇಟ್ಟರು.

ಕೋಚಿಂಗಿನ ನಂಬರಿಗೆ ಒಂದು ಸಲ ಫೋನು ಮಾಡಿ ನೋಡಿದೆ.
ಅಚ್ಚಿನಲ್ಲಿ ಒಂದಂಕಿ ತಪ್ಪಿತ್ತೋ ಏನೋ,
ರಾಯಲ್ಪಾಡಿನ ಯಾವುದೋ ಅಜ್ಜಿ ಎತ್ತಿಕೊಂಡು
‘ಎವರಮ್ಮಾ ಅದಿ?’ ಅಂತ ತೆಲುಗಲ್ಲಿ ಕೇಳಿ
ಹತ್ತು ನಿಮಿಷ ತನ್ನ ಮಂಡಿನೋವು ಹೇಳಿಕೊಂಡಳು.

ಗಂಗುಲಪ್ಪನವರು ತಾವೇ ಬಂದರು,
ಹೆಗಲ ಟವೆಲ್ಲಿಗೆ ಮಾವಿನ ಸೊನೆಯ ಕಲೆ.
‘ದುಡ್ಡಿನ ಮಾತು ಬಿಡಮ್ಮ. ಹದಿನೈದು ಮಕ್ಕಳಿಗೂ
ಎರಡೆರಡು ಜೊತೆ, ಬೂಟೂ ನಂದೇ.
ಹೆಸರು ಮಾತ್ರ ಬೆನ್ನಿಗಿರಲಿ, ದಪ್ಪಗೆ.
ನೀರಿನ ಟ್ಯಾಂಕ್ ಹತ್ತಿ ಕೂತೋನೂ ಓದಬೇಕು.’

ಬಾಗಿಲಲ್ಲಿ ಚೌಡೇಶ್ವರಿ, ಕ್ಯಾಪ್ಟನ್ನು,
ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು:
‘ಬೆನ್ನು ಬ್ಯಾಡ ಸಾರ್.’
‘ಯಾಕಮ್ಮಾ?’
‘ಅದು ಖೋ ಕೊಡೋ ಜಾಗ.’

ಅವರಿಗೆ ತಿಳಿಯಲಿಲ್ಲ.
ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು
ಬೀರುವಿನ ಕಡೆ ಮುಖ ಮಾಡಿ.
ವರಾಂಡದಿಂದ ಗುಲ್ನಾಜ್ ಓಡಿ ಬಂದು
ಬೆನ್ನಿಗೆ ಅಂಗೈ ಬಡಿದು, ಖೋ!
ಹಾಜರಿ ಪುಸ್ತಕಗಳು ಅದುರಿದವು.
ಕೂತಿದ್ದವಳು ಎಲ್ಲಿ? ಹೊಸ್ತಿಲಾಚೆ, ಮೆಟ್ಟಿಲಿನ ಹತ್ತಿರ,
ಅಲ್ಲಿಂದಲೇ ಕೂಗಿ ಹೇಳಿದಳು:
‘ಪ್ಲಾಸ್ಟಿಕ್ ಅಕ್ಷರದ ಮೇಲೆ ಕೈ ಜಾರ್ತದೆ ಸಾರ್.
ಕೂತೋರಿಗೆ ಹಿಂದೆ ಏನಾಗ್ತಿದೆ ಅಂತ ಕಾಣಲ್ಲ,
ಕೈ ಬಿದ್ರೇನೇ ಗೊತ್ತಾಗೋದು, ನಮ್ಮ ಸರದಿ ಅಂತ.’

ಯಾರೂ ಮಾತಾಡಲಿಲ್ಲ. ಪ್ರಿನ್ಸಿಪಾಲರ ಟೀ ಕೆನೆಗಟ್ಟಿತು.
ಇದೇ ಸಮಯ ಅಂತ ಗುಲ್ನಾಜ್:
‘ಮ್ಯಾಮ್, ನಂಗೆ ತುಂಬು ತೋಳು ಬೇಕು.
ತೋಳು ಉದ್ದ ಆದ್ರೆ ಇವರ ಹೆಸರಿಗೂ ಜಾಗ ಆಯ್ತಲ್ಲ.’

ಗಂಗುಲಪ್ಪ ನಕ್ಕುಬಿಟ್ಟರು.
ಟವೆಲ್ಲಿನಡಿ ಬೆರಳು ಹಿಡಿದು ದರ ಕಟ್ಟುವ ಮನುಷ್ಯ,
ಅದೇ ಒದ್ದೆ ಜೆರ್ಸಿಯನ್ನು ಮೇಷ್ಟ್ರ ಕೈಮೇಲೆ ಹೊದಿಸಿ
ಒಳಗೆ ಎರಡು ಬೆರಳು ಅದುಮಿದರು.
ಎರಡು ತೋಳು. ವ್ಯಾಪಾರ ಮುಗಿಯಿತು.
ಬಟ್ಟೆ ದಪ್ಪ, ಬೆರಳು ಹೊರಗೆ ಕಾಣಲಿಲ್ಲ.

ಫೆಬ್ರವರಿಯಲ್ಲಿ ಮುಳಬಾಗಿಲಿನಲ್ಲಿ ಆಡಿದೆವು,
ಸೆಮಿಫೈನಲ್ಲಿನಲ್ಲಿ ಎರಡು ಪಾಯಿಂಟಿಗೆ ಸೋತೆವು.
ಅಷ್ಟರೊಳಗೆ ನಾಲ್ಕು ಒಗೆತ.
ಚೌಡೇಶ್ವರಿಯ ತೋಳಿನ ಅಕ್ಷರ ಮೊದಲು ‘ಗಂಗುಲಪ್ಪ’ ಉದುರಿತು,
ಆಮೇಲೆ ‘ಮಾವಿನ’ ಹೋಯಿತು, ಉಳಿದದ್ದು ‘ಮಂಡಿ’.
ಬಸ್ಸಿನಲ್ಲಿ ಅವಳ ತರಚಿದ ಮೊಣಕಾಲಿಗೆ
ಗುಲ್ನಾಜ್ ಅರಿಶಿನ ಮೆತ್ತುತ್ತಾ
ತೋಳು ಓದಿದಳು, ಕಾಲು ನೋಡಿದಳು:
‘ಲೇ, ಬೋರ್ಡು ಮೇಲೈತೆ, ಅಂಗಡಿ ಕೆಳಗೈತೆ!’
ಕಂಡಕ್ಟರೂ ನಕ್ಕ.

ಮಂಡಿಯ ಗೋಡೆಗೆ ಹಾಕಲು
ಗಂಗುಲಪ್ಪನವರು ಫೋಟೋ ಕೇಳಿದ್ದಾರೆ.
ಹೆಸರು ನೆಟ್ಟಗೆ ಕಾಣುವಂಥದ್ದು ಒಂದೂ ಇಲ್ಲ.
ಹಿಂದಿನಿಂದ ತೆಗೆದದ್ದೊಂದಿದೆ:
ಎಂಟು ಹಳದಿ ಬೆನ್ನು, ನಾಲ್ಕು ಇತ್ತ, ನಾಲ್ಕು ಅತ್ತ ತಿರುಗಿ,
ಇತ್ತ ತಿರುಗಿದವುಗಳ ನಡುಮಧ್ಯೆ ಒಂದೊಂದು ಕೆಮ್ಮಣ್ಣಿನ ಅಂಗೈ.
ಅದನ್ನೇ ಕಳಿಸಲೋ ಬೇಡವೋ ಅಂತ
ಮೂರು ದಿನದಿಂದ ನೋಡುತ್ತಿದ್ದೇನೆ.