ನಲ್ಲಿಯ ಕೆಳಗೆ ತಟ್ಟೆ

ಮೆಜೆಸ್ಟಿಕ್ಕಿನ ಬಸ್ಸುಗಳ ಅಡಿಯಲ್ಲಿ ಮುಚ್ಚಿಹೋದ ಕೆರೆಗೆ
ನಾವು ಹನ್ನೊಂದು ಜನ ಮತ್ತೆ ನೀರು ಬಿಟ್ಟೆವು,
ಪರದೆಯೊಳಗೆ, ತಿಂಗಳ ಬಾಡಿಗೆಯ ನೆಲದಲ್ಲಿ.
ಏರಿ ಕಟ್ಟಿದವನು ಇಗ್ನೇಷಿಯಸ್,
ಬೆಳ್ಳಕ್ಕಿ ಬಿಟ್ಟವಳು ನಸ್ರೀನ್,
ದೀಪದ ಕಂಬ, ಕಡಲೆಕಾಯಿ ಗಾಡಿ ಯಾರದೋ.
ಗೇಟಿನ ಗಿಳಿಯ ಮಾತು ಆಮೇಲೆ.

ಈಗ ಅಲ್ಲಿ ನಡೆಯಲಾಗುವುದಿಲ್ಲ.
ಎತ್ತಿದ ಕಾಲು ಗಾಳಿಯಲ್ಲೇ ನಿಲ್ಲುತ್ತದೆ,
ಅಷ್ಟರಲ್ಲಿ ನಾನಿಲ್ಲಿ ಒಂದು ಗುಟುಕು ಚಹಾ ಕುಡಿದಿರುತ್ತೇನೆ.
'ನಮಸ್ಕಾರ' ಅಂದದ್ದು
'ಹೋಗಿಬರ್ತೀನಿ' ಅಂದ ಮೇಲೆ ತಲುಪುತ್ತದೆ.
ಎಸ್‌ಪಿ ರೋಡಿನಿಂದ ಹೊಸ ಕಾರ್ಡು ತಂದು ಹಾಕಿದೆ,
ಎಂಟು ಸಾವಿರ, ಚೌಕಾಸಿ ಮಾಡಿ.
ತಪ್ಪು ನನ್ನ ಮೇಜಿನ ಮೇಲಿರಲಿಲ್ಲ.

ರಾತ್ರಿ ಎರಡಕ್ಕೆ ಒಂದೊಂದನ್ನೇ ಬಿಚ್ಚಿ ನೋಡುತ್ತ ಕೂತೆ.
ಇನ್ನೂರ ನಾಲ್ಕು ಬೆಳ್ಳಕ್ಕಿ.
ಪ್ರತಿಯೊಂದರ ಹೊಟ್ಟೆಯಲ್ಲೂ ಸೆಕೆಂಡಿಗೆ ಎರಡು ಸಲ
ಯಾರಾದರೂ ಬಂದರಾ? ಯಾರಾದರೂ ಬಂದರಾ?
ಬಂದರೆ ಹಾರಬೇಕಲ್ಲ, ಅದಕ್ಕೆ.
ಖಾಲಿ ಕೆರೆಯ ಮೇಲೆ ಇನ್ನೂರ ನಾಲ್ಕು ಕೊರಳು
ಇಲ್ಲ, ಇಲ್ಲ, ಇಲ್ಲ ಎಂಬುದನ್ನು ಕೇಳಿ ಕೇಳಿ
ಸರ್ವರಿನ ಬೆನ್ನು ಮುರಿಯುತ್ತಿವೆ.

ಕೆಳಮನೆಯಲ್ಲಿ ಸಂಪಂಗಮ್ಮ.
ಕತ್ರಿಗುಪ್ಪೆಯ ಈ ಬೀದಿಗೆ ಕಾವೇರಿ ಎರಡು ದಿನಕ್ಕೊಮ್ಮೆ,
ಎಷ್ಟು ಹೊತ್ತಿಗೆಂದು ವಾಲ್ವ್ ತಿರುಗಿಸುವವನಿಗೂ ಗೊತ್ತಿಲ್ಲ.
ಮೊದಮೊದಲು ಗಂಟೆಗೊಮ್ಮೆ ಎದ್ದು ನಲ್ಲಿ ತಿರುವುತ್ತಿದ್ದಳಂತೆ;
ಕಣ್ಣ ಕೆಳಗಿನ ಕಪ್ಪು ಆಗಿನದು.
ಈಗ ನಲ್ಲಿ ತೆರೆದೇ ಬಿಟ್ಟು
ಕೆಳಗೊಂದು ಸ್ಟೀಲ್ ತಟ್ಟೆ ಬೋರಲು ಹಾಕಿ ಮಲಗುತ್ತಾಳೆ.
'ನಾನ್ಯಾಕ್ ಕೇಳ್ಲಿ? ಬಂದಾಗ ಅದೇ ಕೂಗ್ತದೆ.'

ಆ ತಟ್ಟೆಯನ್ನೇ ಕದ್ದೆ.
ಬೆಳ್ಳಕ್ಕಿಗಳ ಪ್ರಶ್ನೆಯನ್ನೆಲ್ಲ ಅಳಿಸಿ
ಏರಿಯ ಮೇಲೆ ಒಂದು ಕಾಣದ ಹೊಸ್ತಿಲು ಹಾಕಿದೆ,
ತುಳಿದರೆ ಅದು ಎಲ್ಲ ರೆಕ್ಕೆಗೂ ಒಂದೇ ಸಲ ಹೇಳುತ್ತದೆ.
ದೀಪಗಳಿಗೆ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ, ಸಾಕು.
ಬಾಗಿಲುಗಳೇ, ಮುಟ್ಟುವ ತನಕ ನಿದ್ದೆ ಮಾಡಿ.
ಕಡಲೆಕಾಯಿ ಗಾಡಿಯ ಹೊಗೆಗೆ
ಏಳುತ್ತಲೇ ಇರು ಎಂದು ಒಮ್ಮೆ ಹೇಳಿ
ಸ್ಕ್ರಿಪ್ಟನ್ನೇ ಕಿತ್ತೆ. ಹೊಗೆ ಏಳುತ್ತಲೇ ಇದೆ.

ಕಾಲು ಸಲೀಸಾಗಿ ಬಂತು,
ಗೇಟಿನ ಬಳಿ ಮತ್ತೆ ಎಡವಿತು.
ಗಿಳಿ.
ಅಲ್ಲಿ ಯಾರಾಡಿದ ಮಾತನ್ನೂ ಬಿಡದೆ ಜಾಲಾಡುತ್ತದೆ
'ಊಟ ಆಯ್ತಾ' ಎಂಬ ಎರಡು ಪದಕ್ಕಾಗಿ.
ಸಿಕ್ಕರೆ 'ಆಯ್ತು, ನಿಮ್ದು?' ಅನ್ನಬೇಕು.
ಬರೆದವರು ಯಾರೆಂದು ನೋಡಿದೆ, ಬೈಯೋಣವೆಂದು.
ನನ್ನದೇ ಹೆಸರು. ಏಳು ವರ್ಷದ ಹಿಂದಿನ ತಾರೀಕು.
ಆಗ ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ,
ಕೇಳುವವರಿರಲಿಲ್ಲ,
ಹಾಗಾಗಿ ದಿನಾ ಬೆಳಗಿನ ಜಾವ ನಾನೇ ಗಿಳಿಯನ್ನು ಕೇಳುತ್ತಿದ್ದೆ.

ಅಳಿಸುವ ಗುಂಡಿಯ ಮೇಲೆ ಬೆರಳಿತ್ತು.
ಕೆಳಗೆ ತಟ್ಟೆ ಠಣ್ಣೆಂದಿತು.
ಮೊದಲು ಗಾಳಿ, ಆಮೇಲೆ ತುಕ್ಕು, ಆಮೇಲೆ ನೀರು.
ಬಿಂದಿಗೆ ಹಿಡಿದು ಮೆಟ್ಟಿಲಿಳಿದೆ.

ಒಂದು ಗಿಳಿಯಷ್ಟು ತಡ
ಆ ಕೆರೆ ತಡೆದುಕೊಳ್ಳಲಿ.