ಲ ಇಲ್ಲದ ಪಟ್ಟಿ

ಸೋಮವಾರದ ಪೇಟೆ. ಹಮಾಲ ಯಮನೂರಿ ಬೆನ್ನ ಮ್ಯಾಲಿಂದ
ಮೆಣಸಿನಕಾಯಿ ಚೀಲ ಜಾರಿ
ನನ್ನ ಟೇಬಲ್ಲಿನ ಮ್ಯಾಲೆ ಬಿತ್ತು.
ಚೀಲಕ್ಕ ಏನೂ ಆಗಲಿಲ್ಲ.

ಲ್ಯಾಪ್‌ಟಾಪಿನ ಬಲಗಡೆ ಬಿಜಾಗರಿ ಮುರಿದು
ಪರದೆ ವಾಲಿತು, ನಿದ್ದಿಗೆ ಬಂದ ಹುಡುಗನ ಕತ್ತಿನಂಗ.
ಸುತಳಿ ಕಟ್ಟಿ ನಡಸಿದೆ.
ಎಲ್ ಅನ್ನೋ ಗುಂಡಿ ಮಾತ್ರ ಹಾರಿ
ಕೆಂಪು ರಾಶಿಯೊಳಗ ಎಲ್ಲಿ ಬಿತ್ತೋ, ಸಿಗಲಿಲ್ಲ.

ಒಂದು ಗುಂಡಿ ಹೋದರೇನು ಅನ್ನಬ್ಯಾಡ್ರಿ.
ಕನ್ನಡದಾಗ ಲ ಹೋತು, ಳ ಹೋತು.
ಪಟ್ಟಿ ಬರೆಯಾಕ ಕುಂತರ ಚೀಲ ಬರಂಗಿಲ್ಲ,
ಹಮಾಲಿ ಬರಂಗಿಲ್ಲ, ದಲಾಲಿ ಬರಂಗಿಲ್ಲ,
ಬಾಕಿ ಏನೂ ಇಲ್ಲ ಅಂತ ಬರೆಯೋಣಂದ್ರ
ಇಲ್ಲ ಅನ್ನೋದ ಇಲ್ಲ.
ಕುಂದಗೋಳದ ರೈತ (ಅವನೂರೂ ಅರ್ಧಕ್ಕ ನಿಂತಿತ್ತು)
ಪಟ್ಟಿ ಹಿಡಿದು ನಕ್ಕ:
"ದಲಾಲಿ ಕಾಣವಲ್ದಲ್ಲಕ್ಕಾ! ಈ ಮಷಿನ್ ರಿಪೇರಿ ಮಾಡಿಸಬ್ಯಾಡ."
ಹಳೇ ಪಟ್ಟಿಯಿಂದ ಒಂದೊಂದ ಲ ಕಡ ತಂದು ಅಂಟಿಸಿದೆ,
ಸಕ್ಕರಿ ತೀರಿದಾಕಿ ವಾಟಗಾ ಹಿಡಿದು ಬಾಜೂಮನಿಗೆ ಹೋದಂಗ.

ಬುಧವಾರ ಹುಬ್ಬಳ್ಳಿ.
ಕೊಪ್ಪೀಕರ ರಸ್ತೆಯ ಗಾಜಿನ ಅಂಗಡಿಯೊಳಗ ತಣ್ಣನ ಗಾಳಿ.
ಹುಡುಗ ಸುತಳಿ ಸೈತ ಬಿಚ್ಚಲಿಲ್ಲ.
"ಮೇಡಂ, ಏಳು ವರ್ಷ ಭಾಳಾತು.
ಹೊಸಾದು ನಲವತ್ತೊಂದು ಸಾವಿರ. ಇದಕ್ಕ ಎಂಟುನೂರು ಹಿಡೀತೀವಿ."
ಎಂಟುನೂರು!
ಅದರ ಬ್ಯಾಗಿಗೇ ಒಂಬೈನೂರು ಕೊಟ್ಟೀನಿ.
ಕಂತಿನ ಲೆಕ್ಕ ನನಗ ಹೇಳಿಕೊಟ್ಟ, ಮೂರು ಅಂಗಡಿ ಕೀರ್ದಿ ಬರಿಯಾಕಿಗೆ.
ಆದರೂ ಹೊಸಾದರ ಗುಂಡಿ ಮ್ಯಾಲೆ ಬೆರಳಾಡಿಸಿದೆ.
ಬೆಣ್ಣಿ.
ಸುಳ್ಳ ಯಾಕ ಹೇಳಲಿ, ಮನಸಾತು.

ದುರ್ಗದಬೈಲಿನ ಹಿಂದ, ಬಳೆ ಅಂಗಡಿ ಮ್ಯಾಲೆ, ಕತ್ತಲ ಮೆಟ್ಟಲ ಏರಿದರ
ಮೌಲಾಲಿ ನದಾಫ. ಹದಿಮೂರು ಸ್ಕ್ರೂ ಬಿಚ್ಚಿದ, ತೆರೆದ,
ಸೀನಿದ.
ಚಹಾದ ಹುಡುಗ ಸೀನಿದ.
ಫೋನಿಗೆ ಗಾಜು ಹಾಕಿಸಾಕ ಬಂದ ಇಬ್ಬರೂ ಸೀನಿದರು.
ಕೆಳಗಿಂದ ಬಳೆ ಅಂಗಡಿಯಾಕಿ ಕೂಗಿದಳು,
"ಯಾರವರು ಒಗ್ಗರಣಿ ಹಾಕಿದವರು?"
"ಅಕ್ಕಾ, ಇದರಾಗ ಫ್ಯಾನ್ ಐತೋ, ಖಾರಪುಡಿ ಗಿರಣಿ ಐತೋ?"
ಬ್ರಷ್‌ಲೆ ಕೆರೆದು ಕಾಗದದ ಮ್ಯಾಲೆ ಸುರುವಿದ.
ಮೂಸಿ ನೋಡಿದೆ. ಕಡ್ಡಿ ಅಲ್ಲ, ಡಬ್ಬಿ.
ಹ್ವಾದ ವರ್ಷದ್ದಲ್ಲ, ಅದರ ಹಿಂದಿಂದು.
ಬಣ್ಣ ಇನ್ನೂ ಆರಿಲ್ಲ.

ಬಿಜಾಗರಿ ಹದಿನೆಂಟುನೂರು, ಕೀಬೋರ್ಡ್ ಹದಿನಾಲ್ಕುನೂರು.
ಬೋರ್ಡಿನ ಮೂಲ್ಯಾಗ ಹಸರು ಜಂಗು;
ಬೆರಳಿಟ್ಟು ತೋರಿಸಿದ, ಮುಚ್ಚಿಡಲಿಲ್ಲ.
"ಎರಡು ವರ್ಷ ನಡೀತೈತಿ. ಮೂರನೇದು ದೇವರದು."
ನಾ ಸುಮ್ಮನ ಕುಂತೆ. ಅವನ ಮುಂದುವರಿಸಿದ:
"ನಮ್ಮಜ್ಜ ಓಣಿ ಓಣಿ ತಿರುಗಿ ಗಾದಿ ಹಿಂಜತಿದ್ದ.
ಹೊಸಾ ಅರಳಿ ಹಾಕಿಸಬೇಕೇನೋ ಅಂದವರಿಗೆ ಅಂತಿದ್ದನಂತ:
ಮಲಗೋ ಮೈ ಹಳೇದ ಐತಲ್ಲ,
ಅರಳಿಗೇನು ಅವಸರ?"

ಎರಡು ವರ್ಷ ಅಂದರ ನನ್ನ ಲೆಕ್ಕದಾಗ ಎರಡು ಸುಗ್ಗಿ.
ಮಾಡ್ರಿ, ಅಂದೆ.
ಅಂದ ಮ್ಯಾಲೆ ಒಂದು ಗಳಿಗಿ
ಆ ಬೆಣ್ಣಿಯಂಥ ಗುಂಡಿ ನೆನಪಾದವು.

ಸಂಜಿ ಪ್ಯಾಸೆಂಜರಿನಾಗ ತೊಡಿ ಮ್ಯಾಲಿಟ್ಟು ತೆರೆದೆ.
ಚೀಲ. ಹಮಾಲಿ. ದಲಾಲಿ. ಕುಂದಗೋಳ
(ಅಷ್ಟೊತ್ತಿಗೆ ಆ ಊರೂ ಕಿಟಕಿಯಾಗ ಬಂದು ಹೋತು).
ಹೊಸಾ ಗುಂಡಿ, ಹುರುಪು ಹೆಚ್ಚು:
ಒಂದು ಒತ್ತಿದರ ಎರಡು ಲ.
ಯಲವಿಗಿ ದಾಟಿತು. ಒಳಗ ಫ್ಯಾನ್ ತಿರುಗಿತು.
ಎದುರಿಗೆ ಕುಂತ ಮುದುಕಿ
ಸೆರಗು ಮೂಗಿಗೆ ಹಿಡಿದು ಎರಡು ಸಲ ಸೀನಿ,
ನನ್ನ ಮಾರಿ ನೋಡಿ ಕೇಳಿದಳು,
"ಬ್ಯಾಡಗಿಯಾಕಿ ಏನವಾ?"